ಹಕ್ಕಿದ್ವೀಪದಲ್ಲಿ ಮೇಲಿನ ಮನೆಯ ಆಂಟಿ

ಮಾಲ್ಮೋದ ಬಸ್ ಸ್ಟಾಪಿನಲ್ಲಿ ಚಳಿಗಾಳಿ ಬೀಸಿದರೆ ಎಲ್ಲರೂ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ನಮ್ಮ ಮೇಲಿನ ಮನೆಯ ಆಂಟಿ ಮಾತ್ರ ತಲೆವಸ್ತ್ರ ಬಿಗಿಮಾಡಿಕೊಂಡು ಗಾಳಿಗೆ ಮುಖವೊಡ್ಡುತ್ತಿದ್ದರು. ಮೂಗಿನ ಹೊಳ್ಳೆಗಳು ಅರಳುತ್ತಿದ್ದವು, ಕಣ್ಣಲ್ಲಿ ನೀರಾಡುತ್ತಿತ್ತು. “ಇಲ್ಲಿಯ ಸಮುದ್ರಕ್ಕೆ ವಾಸನೆಯೇ ಇಲ್ಲ” ಎಂದು ಕೊನೆಗೆ ಬೇಸರಪಡುತ್ತಿದ್ದರು.

ಅವರು ಉಳ್ಳಾಲದವರು, ಮೀನುಗಾರನ ಮಗಳು. ಗಂಡನ ಕೆಲಸಕ್ಕಾಗಿ ಸ್ವೀಡನ್ನಿಗೆ ಬಂದು ಆಗಲೇ ಬಹಳ ವರ್ಷವಾಗಿತ್ತು. ನಾನು ಬೆಂಗಳೂರಿನವಳು. ನನ್ನೊಂದಿಗೂ, ಫಿಕಾ ಎಂದು ಕಾಫಿಗೆ ಸೇರುವ ಇತರ ಕನ್ನಡದವರೊಂದಿಗೂ ಅವರು ತಮ್ಮೂರಿನದನ್ನು ಬಿಟ್ಟು ನಮ್ಮ ಕಡೆಯ ಕನ್ನಡವನ್ನೇ ಎಚ್ಚರದಿಂದ ಆಡುತ್ತಿದ್ದರು. ದಾಗಿಸ್‌ಗೆ, ಅಂದರೆ ಇಲ್ಲಿಯ ಶಿಶುವಿಹಾರಕ್ಕೆ, ರಜೆ ಬಂದಾಗಲೆಲ್ಲ ನನ್ನ ಮಗಳನ್ನು ನೋಡಿಕೊಂಡವರು ಅವರೇ. ಅವಳು ಸ್ವೀಡಿಷ್‌ನಲ್ಲಿ ಕೇಳುವಳು, ಇವರು ಕನ್ನಡದಲ್ಲಿ ಹೇಳುವರು.

ಒಮ್ಮೆ ಮಗಳು ಪೆಂಗ್ವಿನ್ ನೋಡಬೇಕೆಂದು ಹಟ ಹಿಡಿದಳು. ಈ ದೇಶದಲ್ಲಿ ಪೆಂಗ್ವಿನ್ ಇಲ್ಲ, ಆದರೆ ಗೊಟ್‌ಲಾಂಡ್ ಪಕ್ಕದ ದ್ವೀಪವೊಂದರಲ್ಲಿ ಹಾಗೆಯೇ ಕಪ್ಪುಬಿಳುಪಿನ, ನೆಟ್ಟಗೆ ನಿಲ್ಲುವ ಕಡಲಹಕ್ಕಿಗಳು ಬಂಡೆಯ ಮೇಲೆ ಮೊಟ್ಟೆಯಿಡುತ್ತವೆ ಎಂದೆ.

“ಬೋಟಲ್ಲಿ ಹೋಗ್ಬೇಕಾ?” ಎಂದು ಕೇಳಿದ್ದು ಮಗಳಲ್ಲ, ಆಂಟಿ.

ಜೂನ್ ಕೊನೆಗೆ ಮೂವರೂ ಹೋದೆವು. ಬೋಟು ಬಂಡೆಗೆ ಹತ್ತಿರವಾದಂತೆ ಹಿಕ್ಕೆ, ಮೀನುಗಳ ಘಾಟು ಬಡಿಯಿತು. ಜನ ಮೂಗು ಮುಚ್ಚಿಕೊಂಡರು. ಆಂಟಿ ನಕ್ಕರು. “ಈಗ ಉಂಟು ನೋಡು ವಾಸನೆ.” ಆ ‘ಉಂಟು’ ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಸಂಜೆ ಮರಿಗಳು ಕಡಲಿಗಿಳಿಯುವ ಹೊತ್ತು. ಇನ್ನೂ ಹಾರಲು ಬಾರದ ಮರಿ ಬಂಡೆಯ ಅಂಚಿನಿಂದ ಧುಮುಕಬೇಕು. ಕೆಳಗೆ ನೀರಿನಲ್ಲಿ ಅಪ್ಪ ಹಕ್ಕಿ ಕೂಗಿ ಕರೆಯುತ್ತಿರುತ್ತದೆ. ನಮ್ಮೆದುರಿನ ಮರಿಯೊಂದು ಅಂಚಿಗೆ ಬರುವುದು, ಮತ್ತೆ ಹಿಂದೆ ಸರಿಯುವುದು.

“ಅಪ್ಪ ಬಾ ಹೇಳ್ತಾ ಉಂಟು,” ಆಂಟಿ ಮಗಳಿಗೆ ಹೇಳಿದರು. “ಇದು ಆಗುದಿಲ್ಲ ಹೇಳ್ತಾ ಉಂಟು. ಹೆದರಿಕೆ ಅದಕ್ಕೆ.”

ಆಮೇಲೆ ನನ್ನತ್ತ ತಿರುಗದೆಯೇ ಮುಂದುವರಿಸಿದರು. “ನನ್ನನ್ನೂ ಅಪ್ಪ ಒಮ್ಮೆ ದೋಣಿಗೆ ಕರೆದಿದ್ದ. ಸಣ್ಣವಳು ನಾನು, ನೀರು ನೋಡಿ ಹತ್ತದೆ ಅತ್ತುಬಿಟ್ಟೆ. ಮತ್ತೆ ದೊಡ್ಡವಳಾದ ಮೇಲೆ, ಹೆಣ್ಣುಮಕ್ಕಳು ದೋಣಿ ಹತ್ಲಿಕ್ಕಿಲ್ಲ ಅಂದ್ರು. ಅವ ತೀರಿಹೋದಾಗ ನಾನು ಇಲ್ಲಿಂದ ಊರು ಮುಟ್ಟುವ ಮೊದಲೇ ದಫನ್ ಆಗಿತ್ತು.”

ಮರಿ ಧುಮುಕಿತು. ಕೆಳಗಿನ ಕಲ್ಲುಗಳ ಮೇಲೆ ಬಿದ್ದು ಉರುಳಿತು. ಮಗಳು ಆಂಟಿಯ ಕೋಟಿನಲ್ಲಿ ಮುಖ ಮುಚ್ಚಿಕೊಂಡಳು. ಆದರೆ ಅದು ಎದ್ದು ತಡವರಿಸುತ್ತ ಓಡಿ ನೀರು ಸೇರಿತು. ಅಪ್ಪನೂ ಮರಿಯೂ ಜೊತೆಯಾಗಿ ತೆರೆದ ಕಡಲಿನತ್ತ ಈಜಿದವು. ಅವು ಕಾಣದಾದ ಮೇಲೂ ಆಂಟಿ ನಿಂತಲ್ಲಿಂದ ಕದಲಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಅವರು ತಮ್ಮೂರಿನ ಕನ್ನಡವನ್ನೇ ಆಡಿದರು. ನಾನು ತಡೆಯಲಿಲ್ಲ; ನನಗೂ ಅದು ಹಿತವಾಗಿತ್ತು.

ಮುಂದೆ ಕಾಯಿಲೆ ಬಿದ್ದಾಗ, ಆಸ್ಪತ್ರೆಯ ಹಾಸಿಗೆಯಿಂದ “ಜೂನ್ ಬರಲಿ, ಮತ್ತೆ ಹೋಗುವ” ಎಂದಿದ್ದರು. ಏಪ್ರಿಲ್‌ನಲ್ಲೇ ಹೋಗಿಬಿಟ್ಟರು.

ಅವರಿಲ್ಲದೆ ಒಮ್ಮೆ ನಾನೂ ಮಗಳೂ ಆ ದ್ವೀಪಕ್ಕೆ ಹೋದೆವು. ಆಗ ಅವಳು ಶಾಲೆಯ ಹುಡುಗಿ, ನನ್ನೊಂದಿಗೆ ಕನ್ನಡದಲ್ಲಿ ಮಾತಾಡುವುದೇ ಅಪರೂಪ. ಕೆಳಗೆ ಹಕ್ಕಿಗಳು ಒಂದೇ ಸಮನೆ ಕೂಗುತ್ತಿದ್ದವು. ಅವಳು ಕಿವಿಗೊಟ್ಟು ಕೇಳಿ, ನನ್ನತ್ತ ತಿರುಗಿ ಮೆಲ್ಲಗೆ ಹೇಳಿದಳು:

“ಅಮ್ಮಿ, ಬಾ ಹೇಳ್ತಾ ಉಂಟು.”

ನಾನು ಕಲಿಸಲಾಗದೆ ಕೈಬಿಟ್ಟಿದ್ದ ಕನ್ನಡವನ್ನು ಆಂಟಿ ಅವಳಿಗೆ ಕೊಟ್ಟುಹೋಗಿದ್ದರು. ಕೇಳಲು ಅವರು ಇರಬೇಕಿತ್ತು.