ಸುಟ್ಟಿದ್ದು ಕ್ಲಚ್ಚಲ್ಲ, ಸುವರ್ಣಾ

ಸುವರ್ಣಾ, ಅಂದು ನಮ್ಮ ಕಾರಿನಲ್ಲಿ ಬಂದ ಸುಟ್ಟ ವಾಸನೆಗೆ ಕಾರಣ ನೀನಲ್ಲ — ನಾನು. ಇದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ನಿನ್ನ ಕೈಯ ರೊಟ್ಟಿ ಉಂಡೆ, ಬಾಯಿ ಬಿಡಲಿಲ್ಲ.

ಮೊಮ್ಮಗಳು ಫೋನಿನಲ್ಲಿ ಕನ್ನಡ ಬರೆಯಲು ಕಲಿಸಿದಾಗಿನಿಂದ ಊರವರಿಗೆಲ್ಲ ಗುಲಾಬಿ ಹೂವು ಕಳಿಸಿ ಕಾಡುತ್ತಿದ್ದೇನೆ. ನಿನಗೆ ಬರೆಯಬೇಕಾದ್ದನ್ನು ಮಾತ್ರ ಬರೆಯುವುದು, ಅಳಿಸುವುದು... ಒಂದೇ ಬೆರಳಿನಿಂದ ಒತ್ತುವವಳು ನಾನು. ಸುಳ್ಳು ಹೇಳಲು ಇಷ್ಟು ಹೊತ್ತು ಹಿಡಿದಿರಲಿಲ್ಲ.

ನೀನು ಗಾಡಿ ಕಲಿತದ್ದು ಶೋಕಿಗಲ್ಲ. ತಂಗಡಗಿಯಲ್ಲಿ ನಿನ್ನ ತಾಯಿ ಒಬ್ಬರೇ ಇದ್ದರು, ಮರೆವು ಆಗಲೇ ಶುರುವಾಗಿತ್ತು. ಇಂಡಿಯಿಂದ ಬಸ್ಸಿನಲ್ಲಿ ಹೋಗಬೇಕೆಂದರೆ ಸಿಂದಗಿ, ತಾಳಿಕೋಟೆ, ಮುದ್ದೇಬಿಹಾಳ — ಇಳಿದು ಹತ್ತಿ, ಇಳಿದು ಹತ್ತಿ ಅರ್ಧ ದಿನ ಅಲ್ಲೇ ಹೋಗುತ್ತಿತ್ತು. ರವಿವಾರಕ್ಕೊಮ್ಮೆ ನೀನೇ ಓಡಿಸಿಕೊಂಡು ಹೋಗಿ ಅವರ ತಲೆಗೆ ಎಣ್ಣೆ ಹಚ್ಚಿ ಬರಬೇಕು ಅಂತ ನಿನ್ನ ಆಸೆ. ಅದೂ ನನಗೆ ಗೊತ್ತಿತ್ತು.

ಅಮಾವಾಸ್ಯೆ ದಿನ ಗಾಡಿ ಪೂಜೆ ಮಾಡಿ ನಾನು ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದೆ. ನೀನು ನಗುತ್ತಲೇ ಬಿಚ್ಚಿದೆ. "ಅತ್ತಿ, ನಂಬರ್ ಕಾಣೂದಿಲ್ರಿ. ಇದೆಲ್ಲ ಬ್ಯಾಡ್ರಿ." ನೀನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಬಾಜೂ ಮನೆಯ ಕಸ್ತೂರಿ ನಿಂತು ನೋಡುತ್ತಿದ್ದಳು — ನನಗೆ ಚುಚ್ಚಿತು. ಸಂಜೆ ನನ್ನ ಮಗ ಶಿವಾನಂದ ಗಾಜು ತೊಳೆಯುವ ನೀರು ತುಂಬಲು ಬಾನೆಟ್ ಎತ್ತಿ ಕೊಡ ತರಲು ಒಳಗೆ ಹೋದ. ಅಷ್ಟರಲ್ಲಿ ದೃಷ್ಟಿ ತಾಗದಿರಲೆಂದು ಕರಿ ಕಂಬಳಿಯ ತುಂಡಿನಲ್ಲಿ ಕೊಬ್ಬರಿ, ನಿಂಬೆಹಣ್ಣು ಗಂಟು ಕಟ್ಟಿ, ಕೈ ಹೋಗುವಷ್ಟು ಒಳಗೆ ಒಂದು ಪೈಪಿಗೆ ಬಿಗಿದೆ. ಈಗ ಬಿಚ್ಚು ನೋಡೋಣ ಅಂತ ಒಳಗೊಳಗೇ ನಕ್ಕೆ. ಆ ಜಾಗ ಬಿಸಿಯಾಗುತ್ತದೆಂದು ತಿಳಿಯದೆ ಮಾಡಿದೆ — ಇರಲಿ, ಅದು ನೆಪವಾದೀತು.

ಮರುದಿನ ಸಿಂದಗಿಯಲ್ಲಿ ನಮ್ಮ ಬಳಗದವರ ನಿಶ್ಚಿತಾರ್ಥ. ನೀನು ಓಡಿಸುತ್ತಿದ್ದೆ. ತಾಂಬಾ ದಾಟುತ್ತಲೇ ಕೂದಲು ಸುಟ್ಟಂಥ ವಾಸನೆ. ನೀನು ಗಾಡಿ ಬದಿಗೆ ನಿಲ್ಲಿಸಿದೆ. ಶಿವಾನಂದ ಇಳಿದು ಬಾನೆಟ್ ಎತ್ತಿದ, ಮೇಲಿಂದಲೇ ಇಣುಕಿದ.

"ಹಾಫ್ ಕ್ಲಚ್ಚಿನ್ಯಾಗ ಓಡಿಸಿದ್ರ ಇನ್ನೇನ್ ಆಗತೈತಿ?"

"ಕ್ಲಚ್ಚಿನ ಮ್ಯಾಲ ಕಾಲ ಇಟ್ಟಿರಲಿಲ್ರಿ. ಖರೇನ."

ಅವನು ನೀರಿಗೆಂದು ಚಹಾದಂಗಡಿಗೆ ಹೋದ. ನೀನು ತಡವಾಗುತ್ತದೆಂದು ಸಿಂದಗಿಗೆ ಫೋನ್ ಹಚ್ಚಿ ಅತ್ತ ಸರಿದೆ. ನಾನು ಬಗ್ಗಿ ನೋಡಿದೆ. ಗಂಟು ಜಾರಿ ಬಿಸಿ ಕಬ್ಬಿಣದ ಮೇಲೆ ಕೂತು ಹೊಗೆಯಾಡುತ್ತಿತ್ತು. ಸೆರಗಿನಿಂದ ಹಿಡಿದು ಕಿತ್ತೆ, ಬೆರಳು ಸುಟ್ಟವು. ಹೊಲದ ಬದುವಿನ ಮಣ್ಣಿನಲ್ಲಿ ಅದನ್ನು ತುಳಿದು ಮುಚ್ಚಿದೆ. ಹಿಂದಿನ ಸೀಟಿನಲ್ಲಿ ಮೊಮ್ಮಗಳು ನಿದ್ದೆ ಮಾಡುತ್ತಿದ್ದಳು, ಸುವರ್ಣಾ... ಬೆಂಕಿಯೇ ಹತ್ತಿದ್ದರೆ —

ಆಮೇಲೆ ಶಿವಾನಂದ ಓಡಿಸಿದ. ಸಿಂದಗಿ ಬರುವುದರೊಳಗೆ ವಾಸನೆ ಹೋಗಿತ್ತು.

"ನೋಡಬೇ ಯವ್ವಾ, ನಾ ಹಿಡದ ಮ್ಯಾಲ ವಾಸನಿ ಐತೇನು?"

ಆಗ ಹೇಳಬಹುದಿತ್ತು. ಹೇಳಿದ್ದೇನು ಗೊತ್ತಲ್ಲ? "ಗಾಡಿಗೂ ಗಂಡಸರ ಕಾಲಿನ ಗುರ್ತ ಇರತೈತಿ ಬಿಡಪಾ." ಅವನು ನಕ್ಕ. ನೀನು ಕಿಟಕಿಯ ಕಡೆ ಮುಖ ತಿರುಗಿಸಿದೆ. ನಿಶ್ಚಿತಾರ್ಥದ ಮನೆಯಲ್ಲೂ ಅದನ್ನೇ ಚಾಷ್ಟಿ-ತಮಾಷೆ ಮಾಡಿ ಹಂಚಿದವಳು ನಾನೇ. "ಸುವರ್ಣಾ, ಒಲಿ ಹಚ್ಚೂದು ಬಿಟ್ಟು ಗಾಡಿ ಹಚ್ಚಾಕ ಕಲ್ತೀಯೇನ?" ಅಂತ ನನ್ನ ತಂಗಿ ಅಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳೂ ನಾನೇ. ಸಿಕ್ಕಿಬೀಳುವ ಹೆದರಿಕೆಯಿಂದಲೇ ನಕ್ಕೆ ಅಂದರೆ ಅದೂ ಅರ್ಧ ಸುಳ್ಳು. ಕಸ್ತೂರಿಯ ಮುಂದೆ ನನ್ನನ್ನು ಸಣ್ಣವಳನ್ನಾಗಿ ಮಾಡಿದವಳು ಈಗ ಎಲ್ಲರ ಮುಂದೆ ಸಣ್ಣವಳಾದಳಲ್ಲ — ಆ ಖುಷಿಯೂ ಇತ್ತು.

ಇಂಡಿಗೆ ಬಂದ ಮೇಲೆ ಗ್ಯಾರೇಜಿನವನು ವೈರು, ಬ್ರೇಕು, ಎಣ್ಣೆ ಸೋರಿಕೆ ಎಲ್ಲ ನೋಡಿದ. "ಏನೂ ಸುಟ್ಟಿಲ್ರಿ, ಕ್ಲಚ್ಚೂ ಗಟ್ಟಿ ಐತಿ. ಒಳಗ ಅರಬಿ ಗಿರಬಿ, ಹಳೆ ಬಟ್ಟಿ ಏನರ ಬಿದ್ದಿತ್ತೇನ್ರಿ?" ಅಂದ. ನಾನು ಅಲ್ಲೇ ನಿಂತಿದ್ದೆ, ಸುಟ್ಟ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು. "ಅರಬಿ ಎಲ್ಲಿಂದ ಬರ್ತೈತ್ರಿ? ನಮ್ಮಾಕಿ ಹೊಸದಾಗಿ ಕಲ್ತಾಳ, ಅಷ್ಟ" ಅಂದ ಶಿವಾನಂದ. ನೀನು ನನ್ನತ್ತ ನೋಡಿದೆ — ಅತ್ತೆಯಾದರೂ ಒಂದು ಮಾತು ಅಂದಾಳು ಅಂತ. ನಾನು ಸೆರಗನ್ನು ಬೆರಳಿಗೆ ಇನ್ನೊಂದು ಸುತ್ತು ಸುತ್ತಿದೆ.

ಅಂದಿನಿಂದ ನೀನು ಗಾಡಿಯ ಚಾವಿ ಮುಟ್ಟಲಿಲ್ಲ. ಶಿವಾನಂದನಿಗೆ ಪುರಸೊತ್ತಾದರೆ ತಂಗಡಗಿ, ಇಲ್ಲದಿದ್ದರೆ ಇಲ್ಲ. ಅವನಿಗೆ ಯಾವ ರವಿವಾರ ಪುರಸೊತ್ತಿತ್ತು? ಹೋದ ತಿಂಗಳು ನೀನು ಹೋಗಿ ಬಂದೆ. ಹಿತ್ತಲಲ್ಲಿ ನಿಂತು ಶಿವಾನಂದನಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. "ಅವ್ವ ನನ್ನ ಮುಖಾ ನೋಡಿ, ನೀ ಯಾರ ಮಗಳವ್ವಾ ಅಂದ್ಳು."

ಅವರು ನಿನ್ನ ಗುರುತು ಹಿಡಿಯುತ್ತಿದ್ದ ಆ ರವಿವಾರಗಳನ್ನು ನಾನು ತಿಂದೆ. ಮರಳಿ ಕೊಡಲು ನನ್ನ ಹತ್ತಿರ ಏನೂ ಇಲ್ಲ.

ಇದನ್ನು ನಿನಗೊಬ್ಬಳಿಗೇ ಕಳಿಸುತ್ತಿಲ್ಲ. ಅಂದು ನಕ್ಕವರೆಲ್ಲ ಇರುವ ನಮ್ಮ ಮನೆತನದ ಗ್ರೂಪಿಗೇ ಹಾಕುತ್ತಿದ್ದೇನೆ. ಶಿವಾನಂದನಿಗೆ ಎದುರಿಗೇ ಹೇಳುತ್ತೇನೆ. ಕ್ಷಮಿಸು ಅಂತ ಬರೆದಿದ್ದೆ, ಅಳಿಸಿದೆ — ಕೇಳುವ ಮುಖ ನನಗಿಲ್ಲ. ನೀನು ಮತ್ತೆ ಓಡಿಸುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು. ಓಡಿಸಿದ ದಿನ, ಪಕ್ಕದ ಸೀಟಿಗೆ ನನ್ನನ್ನು ಕರೆಯಬೇಡ. ನಿನ್ನ ತಾಯಿಯನ್ನು ಕೂರಿಸಿಕೊಂಡು ಬಾ.