ರೈಲ್ವೆ ಗೇಟು ಮತ್ತು ಸಾಬರ ನಮಾಜು

1960ರ ಸುಮಾರಿನಲ್ಲಿ ಅಮೆರಿಕದ ಪ್ರೊಫೆಸರೊಬ್ಬರಿಗೆ ಹಳೇಬೀಡು ತೋರಿಸಲು ಇಂಗ್ಲಿಷ್ ಮೇಷ್ಟ್ರಾದ ನನ್ನನ್ನು ಜೊತೆಮಾಡಿದ್ದರು. ಅವರಿಗೋ ಗುಡಿಗಿಂತ ಕಾರಿನ ಡ್ರೈವರ್ ರಹೀಂ ಸಾಬರ ಮೇಲೇ ಕಣ್ಣು.

"ಕ್ಯಾಥೊಲಿಕ್ ಪಂಥದವನು ಅಧ್ಯಕ್ಷನಾದರೆ ಧರ್ಮದ ಮಾತು ಕೇಳ್ತಾನೋ, ದೇಶದ ಕಾನೂನು ಕೇಳ್ತಾನೋ ಅಂತ ನಮ್ಮಲ್ಲಿ ಚುನಾವಣೆ ಜಗಳ. ಇವರ ಇಸ್ಲಾಂ ಕಾನೂನು ಏನನ್ನುತ್ತೆ? ಕೇಳಿ!"

ಅಂಥದ್ದನ್ನು ಎದುರಿಗೇ ಕೇಳುವುದು ಹೇಗೆ? ಹೊಯ್ಸಳರ ಕಥೆ ಹೇಳಿ ತೇಲಿಸಿದೆ.

ಅವರನ್ನು ರೈಲು ಹತ್ತಿಸಲು ಅರಸೀಕೆರೆ ಸ್ಟೇಷನ್ನಿಗೆ ವಾಪಸು ಬರುವಾಗ ಊರಾಚೆಯ ರೈಲ್ವೆ ಗೇಟು ಹಾಕಿತ್ತು. ಸಾಬರು ಇಳಿದು, ರಸ್ತೆ ಪಕ್ಕ ಟವೆಲು ಹಾಸಿ ನಮಾಜಿಗೆ ನಿಂತರು. ಅರ್ಧದಲ್ಲೇ ಗೇಟು ತೆರೆಯಿತು! ಹಿಂದಿನ ಬಸ್ಸು ಹಾರನ್ ಬಾರಿಸತೊಡಗಿತು.

"ಈಗ ನೋಡಿ, ಯಾವ ಕಾನೂನು ಗೆಲ್ಲುತ್ತೆ!" ಪ್ರೊಫೆಸರು ಸೀಟಿನ ತುದಿಗೆ ಬಂದರು.

ಸಾಬರು ನಮಾಜು ಬಿಟ್ಟು ಓಡಿಬಂದರು. ಕಾರನ್ನು ಗೇಟು ದಾಟಿಸಿ, ಮರದಡಿ ನಿಲ್ಲಿಸಿ, ಮತ್ತೆ ಮೊದಲಿಂದ ಶುರುಮಾಡಿದರು.

ಮುಗಿದ ಮೇಲೆ ನಾನು ಅಮೆರಿಕದ ಜಗಳವನ್ನು ಹೇಳಿ, ಪ್ರೊಫೆಸರ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. ಸಾಬರು ಟವೆಲು ಕೊಡವಿದರು.

"ಜನಕ್ಕೆ ದಾರಿ ಬಿಡು ಅಂತ ನಮ್ಮ ಕಾನೂನಲ್ಲೇ ಐತೆ ಮೇಷ್ಟ್ರೇ. ಅಲ್ರೀ, ಇದಕ್ಕೆಲ್ಲಾ ಅಲ್ಲಿ ಜಗಳ ಆಡ್ತಾರಾ? ಅವರ ದೇಶದಲ್ಲಿ ರೈಲ್ವೆ ಗೇಟೇ ಇಲ್ವಾ?"

ಇದ್ದದ್ದು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ. ದಾರಿಯುದ್ದಕ್ಕೂ ಕಾನೂನಿನ ಮಾತೇ ಆಡುತ್ತಿದ್ದ ಪ್ರೊಫೆಸರು ಸ್ಟೇಷನ್ ಬರುವ ತನಕ ಹೊಯ್ಸಳರ ಬಗ್ಗೆಯೇ ಕೇಳಿದರು.