ಖಾಲಿ ಹೋಗದ ಬಟ್ಟಲು

ನಮ್ಮ ಅಡುಗೆಮನೆಯ ಗೋಡೆಯ ಮಾಡದಲ್ಲಿ ಒಂದು ಸ್ಟೀಲಿನ ಬಟ್ಟಲಿದೆ. ಅದು ನಮ್ಮದಲ್ಲ ಎಂಬ ತಿಳಿವಳಿಕೆಯಲ್ಲೇ ನಾನು ಹನ್ನೊಂದು ವರ್ಷ ಕಳೆದಿದ್ದೇನೆ. ಯಾವುದೋ ಹಬ್ಬಕ್ಕೆ ಪಕ್ಕದ ಮನೆಯ ಕಾಶಿಬಾಯಿಯವರ ಕೈಯಲ್ಲಿ ಅದು ಹೋಳಿಗೆ ಹೊತ್ತು ಬಂದದ್ದು ನೆನಪಿದೆ. ಬಂದ ಬಟ್ಟಲನ್ನು ಬರಿದಾಗಿ ಕಳಿಸುವುದೆಂದರೆ ಲಕ್ಷ್ಮಿಗೆ ಬೆನ್ನು ತೋರಿಸಿದ ಹಾಗೆ ಎಂದು ಸೊಲ್ಲಾಪುರದ ತವರಿನಲ್ಲೂ ಈ ಅಕ್ಕಲಕೋಟೆಯ ಅತ್ತೆಮನೆಯಲ್ಲೂ ಒಂದೇ ಧ್ವನಿಯಲ್ಲಿ ಕಲಿಸಿದ್ದರಿಂದ, ನಾಲ್ಕು ಶೇಂಗಾ ಉಂಡಿ ಹಾಕಿ ಕಳಿಸಿದೆ. ಕಾಶಿಬಾಯಿಯವರಿಗೂ ಅದನ್ನೇ ಕಲಿಸಿದ್ದರು. ಅವರು ಉಂಡಿ ಇಳಿಸಿಕೊಂಡು, ಚಕ್ಕುಲಿ ಏರಿಸಿ ಮರಳಿಸಿದರು. ಅಂದು ಹೊರಟ ಬಟ್ಟಲು ಮತ್ತೆ ನಿಂತದ್ದೇ ಇಲ್ಲ. ಅದರ ಅಂಚಿಗೆ ಕೆತ್ತಿಸಿದ ಹೆಸರನ್ನು ನಾನು ಸದಾ ಕಾಶಿಬಾಯಿಯವರ ಹೆಸರೆಂದೇ ಓದುತ್ತಿದ್ದೆ, ಅಂದರೆ ಓದುತ್ತಿರಲಿಲ್ಲ. ಬಟ್ಟಲನ್ನು ಹೊಸ್ತಿಲಲ್ಲಿ ಕೊಟ್ಟು, ಹೊಸ್ತಿಲಲ್ಲೇ ತೊಗೊಂಡು, "ಒಲಿ ಮ್ಯಾಲೆ ಹಾಲೈತ್ರೀ" ಅಂತ ಇಬ್ಬರೂ ಓಡುವವರೇ.

ಇದನ್ನೆಲ್ಲ ಹೇಳಲು ಕಾರಣ ನಮ್ಮ ಸೊಸೆ ಸವಿತಾಳ ಕಂಪ್ಯೂಟರ್ ಕ್ಲಾಸು. ನಮ್ಮ ಪಡಸಾಲೆಯಲ್ಲೇ ಅವಳು ಅದನ್ನು ನಡೆಸುತ್ತಾಳೆ. ಪಡಸಾಲೆಗೂ ಅಡುಗೆಮನೆಗೂ ನಡುವೆ ಒಂದು ಹೂವಿನ ಪರದೆ. ಆಚೆ ಕಂಪ್ಯೂಟರ್ ಜಾಲದ ಏಳು ಪದರಗಳ ಪಾಠ, ಈಚೆ ನನ್ನ ಚಪಾತಿಯ ಮೂರು ಪದರ. ಫಿಸಿಕಲ್, ಡೇಟಾ ಲಿಂಕ್, ನೆಟ್‌ವರ್ಕ್, ಟ್ರಾನ್ಸ್‌ಪೋರ್ಟ್, ಸೆಶನ್, ಪ್ರೆಸೆಂಟೇಶನ್, ಅಪ್ಲಿಕೇಶನ್: ಅರ್ಥ ಕೇಳಬೇಡಿ, ಕ್ರಮ ಕೇಳಿ, ನಿದ್ದೆಯಲ್ಲಿಯೂ ಹೇಳುತ್ತೇನೆ. ಒಮ್ಮೆ ಜಪಕ್ಕೆ ಕೂತಾಗ ನಮ್ಮೂರ ಗುಡಿಯ ಸ್ವಾಮಿಗಳ ನಾಮದ ನಡುವೆ 'ಟ್ರಾನ್ಸ್‌ಪೋರ್ಟ್' ನುಸುಳಿ, ಪ್ರಾಯಶ್ಚಿತ್ತವೆಂದು ಒಂದು ಮಾಲೆ ಹೆಚ್ಚಿಗೆ ಮಾಡಬೇಕಾಯಿತು. ಪ್ರೋಟೋಕಾಲ್ ಎಂಬ ಶಿಷ್ಟಾಚಾರ ಮಾತ್ರ ನನಗೆ ಮೊದಲ ದಿನವೇ ತಿಳಿಯಿತು. ಒಂದು ಯಂತ್ರ ಇನ್ನೊಂದಕ್ಕೆ 'ಇದ್ದೀಯಾ?' ಅನ್ನಬೇಕಂತೆ, ಅದು 'ಇದ್ದೇನೆ, ನೀನು?' ಅನ್ನಬೇಕಂತೆ, ಇದು 'ನಾನೂ ಇದ್ದೇನೆ' ಅಂದ ಮೇಲಷ್ಟೇ ವಿಷಯ ಆರಂಭವಂತೆ. ನಮ್ಮ ಬೀಗರ ಫೋನೂ ಹೀಗೆಯೇ. ವಿಷಯ ಮಾತ್ರ ಆರಂಭವಾಗುವುದಿಲ್ಲ.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿದ್ದು ಸವಿತಾ ಪ್ರತಿ ಬ್ಯಾಚಿಗೂ ಹೇಳುವ ಒಂದು ಮಾತು: "ಏನರೆ ನಡೀವಲ್ತು ಅಂದ್ರ, ಮೊದಲ ತೆಳಗಿನ ಪದರ ನೋಡ್ರಿ. ವೈರ್ ಹಚ್ಚೈತೋ ಇಲ್ಲೋ ನೋಡ್ರಿ." ಎಂಥ ನೇರ ಮಾತು! ಬುಡ ಗಟ್ಟಿಯಿದ್ದರೆ ಮೇಲಿನದನ್ನು ದೇವರು ನೋಡಿಕೊಳ್ಳುತ್ತಾನೆ.

ಆ ಗುರುವಾರ ಸವಿತಾಳ ಕ್ಲಾಸಿನಲ್ಲಿ ಮೊದಲ ಬಾರಿಗೆ ಸರ್ಟಿಫಿಕೇಟಿನ ಪರೀಕ್ಷೆ. ಪರೀಕ್ಷಾ ಕೇಂದ್ರ ಸಿಗಲೆಂದು ಅವಳು ಎರಡು ವರ್ಷ ಸೊಲ್ಲಾಪುರಕ್ಕೆ ಅಲೆದಿದ್ದಳು. ಆ ದಿನ ಸುಸೂತ್ರವಾದರೆ ಕೇಂದ್ರ ಕಾಯಂ. ಹನ್ನೆರಡೂವರೆಯೊಳಗೆ ಪರೀಕ್ಷೆ ಶುರುವಾಗದಿದ್ದರೆ ಕೇಂದ್ರ ರದ್ದು, ಮಕ್ಕಳೆಲ್ಲ ಸೊಲ್ಲಾಪುರಕ್ಕೆ. ನಾನೂ ನನ್ನ ಪಾಲಿನ ಸೇವೆಗೆಂದು ಮುಂಜಾನೆ ಪಡಸಾಲೆ ಗುಡಿಸಿ, ಹನ್ನೊಂದು ಕಂಪ್ಯೂಟರಿಗೂ ಕುಂಕುಮ ಹಚ್ಚಿದೆ. ಹನ್ನೆರಡನೆಯದು ರಿಪೇರಿಗೆ ಹೋಗಿತ್ತು. ಮೂಲೆಯಲ್ಲಿ, ಎಲ್ಲ ಕಂಪ್ಯೂಟರುಗಳ ವೈರು ಬಂದು ಕೂಡುವ ಸ್ವಿಚ್ ಎಂಬ ಡಬ್ಬಿ. ಅಲ್ಲಿ ನೋಡುತ್ತೇನೆ, ಒಂದು ನೀಲಿ ವೈರಿನ ಒಂದು ತುದಿ ಡಬ್ಬಿಯಲ್ಲಿದೆ, ಇನ್ನೊಂದು ತುದಿ ಅನಾಥವಾಗಿ ನೆಲಕ್ಕೆ ಬಿದ್ದಿದೆ. ಡಬ್ಬಿಯಲ್ಲಿ ಒಂದು ತೂತು ಖಾಲಿಯೂ ಇದೆ. ತೆಳಗಿನ ಪದರ! ಪರೀಕ್ಷೆಯ ದಿನವೇ ವೈರು ಬಿಟ್ಟಿದೆ, ಕೂಸು ಗಾಬರಿಯಲ್ಲಿ ನೋಡಿಲ್ಲ. ಬಿದ್ದ ತುದಿಯನ್ನು ಸೆರಗಿನಿಂದ ಒರೆಸಿ, ಸ್ವಾಮಿಗಳ ಹೆಸರು ಹೇಳಿ, ಖಾಲಿ ತೂತಿಗೆ ಒತ್ತಿದೆ. ಟಿಕ್ ಎಂದಿತು. ಮರುಕ್ಷಣ ಡಬ್ಬಿಯ ಹಸಿರು ದೀಪಗಳೆಲ್ಲ ಒಟ್ಟಿಗೇ ಥಕಥಕ ಕುಣಿಯತೊಡಗಿದವು, ಕಾರ್ತಿಕದ ದೀಪೋತ್ಸವದ ಹಾಗೆ. ನನಗೆ ಕಣ್ಣು ತುಂಬಿ ಬಂತು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ದೇವರ ಸಣ್ಣ ಉಪಕಾರಗಳನ್ನು ಬೆರಳ ಮೇಲೆ ಎಣಿಸುವುದು ನನ್ನ ಪದ್ಧತಿ: ಹಾಲು ಉಕ್ಕಲಿಲ್ಲ, ನಳ ಹೊತ್ತಿಗೆ ಬಂತು, ಮೊಣಕಾಲು ಮೆಟ್ಟಿಲ ಮೇಲೆ ಸುಮ್ಮನಿತ್ತು. ಅಂದು ಮುಂಜಾನೆಯೇ ಒಂದು ಬೆರಳು ಮಡಚಿದೆ.

ಹತ್ತಕ್ಕೆ ಕರಜಗಿ, ನಾಗಣಸೂರಿನ ಹೆಣ್ಣುಮಕ್ಕಳು, ಗುರುವಾರದ ಭಕ್ತರ ಗದ್ದಲದ ಎಸ್‌ಟಿ ಬಸ್ಸಿನಲ್ಲಿ ನಿಂತೇ ಬಂದು ಇಳಿದರು. ಸೊಲ್ಲಾಪುರದಿಂದ ಪರೀಕ್ಷಕ ಸಾಹೇಬರೂ ಬಂದು ಕುರ್ಚಿಯಲ್ಲಿ ಕೂತರು. ಹನ್ನೊಂದಕ್ಕೆ ಪ್ರಶ್ನೆಪತ್ರಿಕೆ ಮುಖ್ಯ ಕಂಪ್ಯೂಟರಿನಿಂದ ಉಳಿದ ಹತ್ತಕ್ಕೆ ಹೋಗಬೇಕು. ಹೋಗಲಿಲ್ಲ. ಸವಿತಾ ಮೊದಲು ತೆಳಗಿನ ಪದರವನ್ನೇ ನೋಡಿದಳು. ಬಗ್ಗಿ ಬಗ್ಗಿ ಪ್ರತಿ ವೈರು ಮುಟ್ಟಿದಳು. ಎಲ್ಲವೂ ಭದ್ರ, ಒಂದೂ ಬಿಟ್ಟಿಲ್ಲ. ನಾನು ಪರದೆಯ ಹಿಂದೆ ಹೆಮ್ಮೆಯಿಂದ ನಿಂತಿದ್ದೆ. ಡಬ್ಬಿ ಆರಿಸಿ ಹಚ್ಚಿದಳು. ಅರೆಕ್ಷಣ ಶಾಂತ, ಮತ್ತೆ ದೀಪೋತ್ಸವ.

ಈ ನಡುವೆ ಬಟ್ಟಲು ಸುಮ್ಮನಿರಲಿಲ್ಲ. ಪರೀಕ್ಷೆಯ ಮಕ್ಕಳಿಗೆಂದು ಕಾಶಿಬಾಯಿ ಅದರಲ್ಲಿ ಚುರುಮುರಿಯ ಸುಸಲಾ ತಂದರು. ನಾನು ಸಕ್ಕರೆ ಹಾಕಿ ಕಳಿಸಿದೆ. ಶುಭಕಾರ್ಯದ ದಿನ ಸಕ್ಕರೆ ತಾವೊಬ್ಬರೇ ಉಳಿಸಿಕೊಳ್ಳಬಾರದೆಂದು ಅದಕ್ಕೆ ಮೊಸರು ಬೆರೆಸಿ ತಂದರು. ನಾನು ಪ್ರಸಾದದ ಬಾಳೆಹಣ್ಣು ಇಟ್ಟೆ. ಪ್ರತಿ ಸುತ್ತಿನಲ್ಲೂ ಸಾಹೇಬರಿಗೆ ಒಂದು ಪಾಲು. ಅವರು ಗಡಿಯಾರ ನೋಡುತ್ತ ತಿನ್ನುತ್ತಿದ್ದರು.

"ಪೇಪರ್ ಬರವಲ್ದ್ರೀ," ಎಂದೆ ನಾನು ಕಾಶಿಬಾಯಿಯವರಿಗೆ.

"ಹೌದ್ರಿ, ಉಪ್ಪು ಜರಾ ಜಾಸ್ತಿ ಆಗೈತಿ," ಎಂದರು ಅವರು.

ಚಿಂತೆಯಲ್ಲಿ ಮನುಷ್ಯ ಏನೇನೋ ಮಾತಾಡುತ್ತಾನೆ ಎಂದು ಬಿಟ್ಟೆ.

ಹನ್ನೆರಡು ದಾಟಿತು. ನಾಗಣಸೂರಿನ ಅಂಗನವಾಡಿಯಾಕೆಯೊಬ್ಬಳು ಸದ್ದಿಲ್ಲದೆ ಅಳತೊಡಗಿದಳು. ಸೊಲ್ಲಾಪುರಕ್ಕೆ ಹೋಗಬೇಕೆಂದರೆ ಮನೆಯಲ್ಲಿ ಬಿಡುವುದಿಲ್ಲವಂತೆ. ಸಾಹೇಬರು ಚೀಲದಿಂದ ಯಾವುದೋ ಫಾರ್ಮು ತೆಗೆದು ಮಡಿಲಲ್ಲಿಟ್ಟುಕೊಂಡರು. ಸರಿಯಾಗಿ ಆಗಲೇ ಕಾಶಿಬಾಯಿ ಮೂರನೆಯ ಬಾರಿ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತರು. ಸವಿತಾ ಎಂದೂ ಧ್ವನಿ ಏರಿಸಿದವಳಲ್ಲ, ಅಂದು ಸಿಡಿದಳು:

"ಅತ್ತಿ, ಸಾಕ್ ಮಾಡ್ರಿ! ಮುಂಜಾನಿಂದ ಈ ಬಟ್ಟಲಾ ಇದ ಬಾಗಲದಾಗ ಬರತೈತಿ, ಇದ ಬಾಗಲದಾಗ ಹೋಗತೈತಿ. ಹೋಗಿದ್ದು ತಿರುಗಿ ಬಂದು, ಬಂದಿದ್ದು ತಿರುಗಿ ಹೋಗಿ..."

ಮಾತು ಅಲ್ಲಿಗೇ ನಿಂತಿತು. ಬಟ್ಟಲನ್ನೇ ನೋಡಿದಳು. ಆಮೇಲೆ ಮೂಲೆಗೆ ಓಡಿ, ಡಬ್ಬಿಯ ಮುಂದೆ ಮಂಡಿಯೂರಿ, ಒಂದೊಂದೇ ವೈರನ್ನು ಬೆರಳಿನಿಂದ ಹಿಂಬಾಲಿಸುತ್ತ ಹೋಗಿ, ನನ್ನ ನೀಲಿ ವೈರಿಗೆ ಬಂದಳು. ರಿಪೇರಿಗೆ ಹೋದ ಕಂಪ್ಯೂಟರಿನ ಆ ವೈರು ಡಬ್ಬಿಯಿಂದ ಹೊರಟು ಅದೇ ಡಬ್ಬಿಗೆ ಮರಳಿತ್ತು. ಹಿಡಿದು ಎಳೆದಳು. ದೀಪಗಳು ತಣ್ಣಗಾದವು. ಹತ್ತು ಪರದೆಗಳ ಮೇಲೂ ಪ್ರಶ್ನೆಪತ್ರಿಕೆ ಮೂಡಿತು. ಅಂಗನವಾಡಿಯಾಕೆ ಮೂಗು ಒರೆಸಿಕೊಂಡು ಕೀಬೋರ್ಡಿಗೆ ಕೈಮುಗಿದಳು.

ಆದರೆ ಸಾಹೇಬರು ಫಾರ್ಮು ಒಳಗಿಡಲಿಲ್ಲ. "ಹೇ ಕೋಣೀ ಕೇಲಂ?" ಎಂದರು. ಇದನ್ನು ಮಾಡಿದವರು ಯಾರು? ಪರೀಕ್ಷೆಯ ದಿನ ಹೊರಗಿನವರು ಬಂದು ವೈರು ಮುಟ್ಟಿದ್ದರೆ ಅದನ್ನು ಅವರು ಬರೆಯಬೇಕಂತೆ. ಸವಿತಾಳ ಮುಖ ಬಿಳುಪೇರಿತು. ನಾನು ಮುಂದೆ ಬಂದೆ. ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿನಿಂದ ದನಿ ಬಂತು: "ನಾನಽ ರೀ ಸಾಹೇಬ್ರ."

ಕಾಶಿಬಾಯಿ!

"ಇಲ್ರೀ, ನಾನು," ಎಂದೆ. "ಮನಿಯಾಕಿ. ಮುಂಜಾನಿ ಕಸ ಹೊಡಿಯೂ ಮುಂದ ಹಚ್ಚಿದ್ದು."

"ಅವರಲ್ರೀ, ನಾನು."

"ಅವರ ಮಾತ್ ಕೇಳಬ್ಯಾಡ್ರಿ, ನಾನು."

ಅಪರಾಧವೂ ಬಟ್ಟಲಿನಂತೆಯೇ ಹೊಸ್ತಿಲ ಆಚೀಚೆ ಓಡಾಡತೊಡಗಿತು, ಖಾಲಿಯಾಗಿ ಮಾತ್ರ ಮರಳದು. ಕೊನೆಗೆ ಸಾಹೇಬರು ಎರಡೂ ಕೈ ಎತ್ತಿದರು: "ಥಾಂಬಾ! ಯಾರರೆ ಒಬ್ರು ನಿಂದರ್ರಿ, ಬಾಯಿ!" ಅವರ ಮೀಸೆಯಲ್ಲಿ ಮೊಸರಿತ್ತು. ಅದು ನೆನಪಾಗಿಯೋ ಏನೋ, ಫಾರ್ಮನ್ನು ಮಡಚಿ ಚೀಲಕ್ಕೆ ತುರುಕಿದರು. ಮನೆಯಾಕೆ ಮನೆಯ ಕಸ ಹೊಡೆದದ್ದನ್ನು ಬರೆಯಲು ಆ ಫಾರ್ಮಿನಲ್ಲಿ ಜಾಗವಿರಲಿಲ್ಲವಂತೆ.

ಎಲ್ಲರೂ ಹೋದ ಮೇಲೆ ಸವಿತಾ ನನ್ನ ಪಕ್ಕ ಕೂತು ವಿವರಿಸಿದಳು. ಜಾಲದಲ್ಲಿ ಒಂದು ಯಂತ್ರ 'ಈ ವಿಳಾಸ ಯಾರದು?' ಎಂದು ಎಲ್ಲರಿಗೂ ಕೂಗಿ ಕೇಳುವುದುಂಟು. ಆ ಕೂಗು ಬಂದ ಬಾಗಿಲೊಂದನ್ನು ಬಿಟ್ಟು ಉಳಿದೆಲ್ಲ ಬಾಗಿಲಿಗೂ ಡಬ್ಬಿ ಅದನ್ನು ದಾಟಿಸುತ್ತದೆ. ವೈರು ಸುತ್ತುಗಟ್ಟಿದ್ದರೆ, ತಾನೇ ಕಳಿಸಿದ ಕೂಗು ಹಿಂದಿರುಗುತ್ತದೆ. ಪಾಪ, ಡಬ್ಬಿಗೆ ಗುರುತು ಹತ್ತದೆ, ಹೊಸದೆಂದು ಮತ್ತೆ ಕಳಿಸುತ್ತದೆ. ಕೂಗು ಕೂಗಿಗೆ ಹುಟ್ಟಿ ವೈರು ತುಂಬಿ, ನಿಜವಾದ ಮಾತಿಗೆ ದಾರಿಯೇ ಉಳಿಯುವುದಿಲ್ಲ. ಜಾಣ ಡಬ್ಬಿಗಳೂ ಇವೆಯಂತೆ. ಅವು ಸುತ್ತನ್ನು ಕಂಡರೆ ತಮ್ಮದೇ ಒಂದು ಬಾಗಿಲನ್ನು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತವೆ. ವೈರು ಇದ್ದಲ್ಲೇ ಇರುತ್ತದೆ, ಯಾರಿಗೂ ಅವಮಾನವಿಲ್ಲ.

"ಮತ್ತ ಪ್ರತಿಯೊಂದರ ಮ್ಯಾಲೂ ಯಾರಿಗೆ, ಯಾರಿಂದ ಅಂತ ಬರದಿರತೈತ್ರಿ," ಎನ್ನುತ್ತ ಅವಳು ಸುಮ್ಮನೆ ಬಟ್ಟಲನ್ನು ಬೆಳಕಿಗೆ ಹಿಡಿದಳು. ಹಿಡಿದವಳು ನಗತೊಡಗಿದಳು. ಅಂಚಿನಲ್ಲಿ, ತಿಕ್ಕಿ ತಿಕ್ಕಿ ಸವೆದ ಮರಾಠಿ ಅಕ್ಷರ: 'ಚಿ. ಸೌ. ಪಾರ್ವತೀಸ, ಆತ್ಯಾಕಡೂನ.' ಪಾರ್ವತಿಗೆ, ಸೋದರತ್ತೆಯಿಂದ. ಪಾರ್ವತಿ ಎಂದರೆ ನಾನೇ ನೋಡ್ರಿ. ಸೊಲ್ಲಾಪುರದ ನನ್ನ ಸೋದರತ್ತೆ ಮದುವೆಗೆ ಕೊಟ್ಟದ್ದು. ಎಂದೋ ಏನೋ ಹಾಕಿ ನಾನೇ ಕಾಶಿಬಾಯಿಯವರಿಗೆ ಕಳಿಸಿ ಮರೆತಿರಬೇಕು. ಹನ್ನೊಂದು ವರ್ಷ ನನ್ನ ಬಟ್ಟಲನ್ನು ನಾನೇ ಭಕ್ತಿಯಿಂದ ಹಿಂದಿರುಗಿಸುತ್ತ ಬಂದಿದ್ದೆ.

ಅಂದರೆ ಮುಚ್ಚಬೇಕಾದ ಬಾಗಿಲು ನನ್ನದು. ಬಟ್ಟಲನ್ನು ತೊಳೆದು ಮಾಡದಲ್ಲಿಟ್ಟೆ. ಒಂದು ದಿನ ಕಳೆಯಿತು, ಎರಡು ದಿನ. ಎದೆಯಲ್ಲಿ ಏನೋ ಅಪಚಾರ ಮಾಡಿದಂಥ ಕಸಿವಿಸಿ. ಮೂರನೆಯ ದಿನ ಮಧ್ಯಾಹ್ನ ಕಾಶಿಬಾಯಿಯವರೇ ಬಂದರು. ಕೈಯಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ್ದರಿಂದ ಕೊಟ್ಟು ಓಡುವಂತಿರಲಿಲ್ಲ. ಒಳಗೆ ಬಂದು ಕೂತರು. ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಬಟ್ಟಲು ನನ್ನದೇ ಆಗಿತ್ತೆಂದು ಹೇಳಿದೆ. ಅವರು ಕಣ್ಣರಳಿಸಿದರು. "ಮತ್ತ? ನಿಮ್ದೈತಿ ಅಂತನಽ ನಾ ವಾಪಸ್ ಕೊಡಾಕತ್ತಿದ್ದೆ! ನೀವು ತಿರುಗಿ ಕಳಸಾಕತ್ರಿ. ಏನ್ ಮಾಡ್ಲಿ?"

ಇಬ್ಬರೂ ನಕ್ಕು ನಕ್ಕು ಚಹಾ ಆರಿಹೋಯಿತು. ನಗು ನಿಂತಾಗ ಕೇಳಿದೆ, ಅಂದು ತಪ್ಪು ತಮ್ಮದೆಂದು ಯಾಕೆ ಒಪ್ಪಿಕೊಂಡಿರಿ ಎಂದು. ಅವರು ನಾನು ಕೂತ ಕಡೆಗೆ ಪೂರ್ತಿ ತಿರುಗಿ, ಕಿವಿಗೆ ಕೈಯಿಟ್ಟು, "ಈ ಕಡೀ ಬರ್ರಿ. ಎಡಗಿವಿ ಎರಡ್ ವರ್ಷಾತು, ಏನೂ ಕೇಳಂಗಿಲ್ಲ," ಎಂದರು. ಎರಡು ವರ್ಷ ಹೊಸ್ತಿಲಲ್ಲಿ ನಿಂತು ಅವರ ಚಕ್ಕುಲಿಯನ್ನು ನಾನು ಹೊಗಳಿದ್ದೆಲ್ಲ ಆ ಕಿವಿಗೆ. ಬಲಕ್ಕೆ ಸರಿದು ಮತ್ತೆ ಕೇಳಿದೆ.

"ಸಾಹೇಬ್ರು ಏನ್ ಕೇಳಿದ್ರೋ ನಂಗ ತಿಳೀಲಿಲ್ರಿ. ನಿಮ್ಮ ಮಾರಿ ನೋಡಿದೆ. ಏನಽ ಇರಲಿ ಅಂತ, 'ನಾನಽ' ಅಂದೆ."

ಸಂಜೆ ಎಣಿಸಬೇಕಾದ ಬೆರಳನ್ನು ಅಲ್ಲೇ ಮಡಚಿದೆ. ಅವರು ಹೊರಡಲು ಎದ್ದಾಗ ನನ್ನ ಕೈ ತಾನಾಗಿ ಮಾಡದ ಬಟ್ಟಲಿಗೆ ಹೋಗಿತ್ತು; ಅದನ್ನು ಅಲ್ಲೇ ಬಿಟ್ಟು, ಅವರ ಬಲಕ್ಕೆ ಬಳಸಿ ಬಂದು ಹೇಳಿದೆ:

"ನಾಳಿನೂ ಬರ್ರಿ. ಬರಿಗೈಲೆ ಬರ್ರಿ."